ಕೆಂಚ ಹೋದ, ಅವ್ವ

ಅವ್ವ,

ಕೆಂಚ ಹೋದ. ಮೊನ್ನೆ ಫೋನಿನಲ್ಲೇ ಹೇಳಬೇಕು ಅಂತಿದ್ದೆ, ಆದರೆ ಹಿಂದೆ ಅಣ್ಣನ ಮಕ್ಕಳ ಗಲಾಟೆ ಕೇಳುತ್ತಿತ್ತು, ನೀನೂ ನಗುನಗುತ್ತಾ ಮಾತಾಡುತ್ತಿದ್ದೆ, ಬಾಯಿ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಫೋಟೊ ಕಳಿಸಿದ್ದೆನಲ್ಲ, ಹಣೆ ಮೇಲೆ ಬಿಳಿ ಪಟ್ಟೆ ಇದ್ದ ಕಂದು ಕುದುರೆ, ಅವನೇ. ಈ ಐರ್ಲೆಂಡಿನ ಜನಕ್ಕೆ ಕುದುರೆ ಅಂದರೆ ಪ್ರಾಣ. ಆದರೂ 2008ರಲ್ಲಿ ದೇಶದ ವ್ಯವಹಾರ ಕುಸಿದ ಮೇಲೆ, ಸಾಕಲು ಆಗದೆ ಎಷ್ಟೋ ಕುದುರೆಗಳನ್ನು ರಸ್ತೆ ಬದಿಗೆ, ಬಯಲಿಗೆ ಬಿಟ್ಟು ಹೋದರು. ಆ ಚಾಳಿ ಇನ್ನೂ ನಿಂತಿಲ್ಲ. ಕೆಂಚನೂ ಹಾಗೇ ಸಿಕ್ಕವನು. ಕುದುರೆಗೆ ಗುರುತಿನ ಚಿಪ್ ಹಾಕಿಸಲೇಬೇಕು ಅನ್ನೋ ಕಾನೂನಿದೆ, ಅವನ ಕುತ್ತಿಗೆಯಲ್ಲಿ ಚಿಪ್ಪೇ ಇರಲಿಲ್ಲ. ಬಿಟ್ಟುಹೋದವರು ಯಾರು ಅಂತ ಗೊತ್ತಾಗಲೇ ಇಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಾನು ರಜೆ ದಿನ ಲದ್ದಿ ಬಳಿಯಲು ಹೋಗುತ್ತೇನಲ್ಲ, ಬಿಟ್ಟುಹೋದ ಕುದುರೆಗಳನ್ನು ಸಾಕುವ ಆ ಜಾಗಕ್ಕೆ ಅವನನ್ನು ತಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಗೊರಸು ಬೆಳೆದು ಸೊಟ್ಟಾಗಿತ್ತು. ನಮ್ಮ ಕಡೆ ಹಸಿದ ದನ ಕಂಡರೆ ಮೊದಲು ಹಿಂಡಿ, ನುಚ್ಚು ಇಡುತ್ತೇವೆ, ಅಲ್ವಾ? ಆದರೆ ಬಹಳ ದಿನ ಉಪವಾಸ ಬಿದ್ದ ಕುದುರೆಗೆ ಒಮ್ಮೆಲೇ ಕಾಳು ಸುರಿದರೆ ರಕ್ತದಲ್ಲಿನ ಲವಣ ಏರುಪೇರಾಗಿ ಹೃದಯ ನಿಂತೇಹೋಗಬಹುದು. ಅದಕ್ಕೆ ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್) ಒಣಮೇವನ್ನು ಸ್ವಲ್ಪಸ್ವಲ್ಪವೇ, ಹಗಲು ರಾತ್ರಿ ಪಾಳಿ ಮೇಲೆ ತಿನ್ನಿಸಿದೆವು. ಹಾಗೆ ಬದುಕಿಸಿದ ಜೀವ ಅದು.

ಹೋದ ವಾರ ಬೆಳಿಗ್ಗೆ ಮೇವು ಮುಟ್ಟಿರಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ, ತಿರುತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿದ್ದ, ಮಲಗುತ್ತಿದ್ದ, ಏಳುತ್ತಿದ್ದ, ಮೈಯೆಲ್ಲ ಬೆವರು. ಡಾಕ್ಟರು ತುಟಿ ಎತ್ತಿ ತೋರಿಸಿದರು, ವಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಸುಮ್ನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯಬೇಕು, ಅವನದು 80 ದಾಟಿತ್ತು. ಮೂಗಿನಿಂದ ಹೊಟ್ಟೆಗೆ ಪೈಪು ಇಳಿಸಿದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಅವ್ವ, ಎಷ್ಟೇ ಸಂಕಟವಾದರೂ ಒಳಗೇ ತಡೆದುಕೊಳ್ಳಬೇಕು. ಹಸಿರು ನೀರು ಬಕೆಟಿಗೆ ಸುರಿಯಿತು. ನಾನು ಹಗ್ಗ ಹಿಡಿದು ನಿಂತಿದ್ದೆ, ಅವನ ಬಿಸಿ ಉಸಿರು ನನ್ನ ಮುಂಗೈಗೆ ಬಡಿಯುತ್ತಿತ್ತು.

ವಯಸ್ಸಾದ ಕುದುರೆಗಳ ಹೊಟ್ಟೆಯೊಳಗೆ ಕೊಬ್ಬಿನ ಗಂಟು ಬೆಳೆದು, ಅದರ ತೊಟ್ಟು ಕರುಳಿಗೆ ಸುತ್ತಿಕೊಂಡು ಬಿಗಿಯುವುದುಂಟು. ಇವನಿಗೂ ಅದೇ ಇರಬೇಕು ಅಂದರು. ಆಪರೇಷನ್ ಬಿಟ್ಟರೆ ದಾರಿಯಿಲ್ಲ, ಈ ಸ್ಥಿತಿಯಲ್ಲಿ ಆಸ್ಪತ್ರೆ ಮುಟ್ಟುವುದೂ ಕಷ್ಟ. ಇಂಜೆಕ್ಷನ್ ಕೊಟ್ಟರು. ಬೇಗ ಮುಗಿಯಿತು.

ಜೊತೆಗಿದ್ದ ಮುದಿ ಹೆಣ್ಣು ಕುದುರೆಯನ್ನು ಅವನ ಹತ್ತಿರ ಬಿಟ್ಟೆವು. ಹಾಗೆ ತೋರಿಸದಿದ್ದರೆ ಹುಡುಕುತ್ತಾ ಕೂಗುತ್ತಿರುತ್ತವೆ. ಮೂಸಿ ನೋಡಿತು, ಬಹಳ ಹೊತ್ತು ನಿಂತಿತು, ಆಮೇಲೆ ಮೇಯಲು ಹೋಯಿತು.

ನನಗೆ ಜಾಸ್ತಿ ಸಂಕಟವಾಗಿದ್ದು ಆಮೇಲೆ. ಇಲ್ಲಿ ಮನಸ್ಸಿಗೆ ಬಂದ ಹಾಗೆ ಹೊಲದಲ್ಲಿ ಹೂಳುವ ಹಾಗಿಲ್ಲ. ಗಾಡಿ ಬಂತು, ಒಯ್ದರು. ನಮ್ಮ ಎತ್ತು ಬಸ್ಯಾ ಸತ್ತಾಗ ಹೊಲದಲ್ಲೇ ಕುಣಿ ತೋಡಿ, ಅರಿಶಿನ ಕುಂಕುಮ ಹಚ್ಚಿ, ನೀನು ನಿನ್ನ ಹೊಸ ಸೀರೆಯನ್ನೇ ಹೊದಿಸಿದ್ದೆ. ಆ ವರ್ಷ ಕಾರಹುಣ್ಣಿಮೆಗೆ ಒಂಟಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ ಅಪ್ಪ ಮಾತೇ ಆಡಲಿಲ್ಲ. ಕೆಂಚನಿಗೆ ಒಂದು ಚಿಟಿಕೆ ಕುಂಕುಮ ಹಚ್ಚಲೂ ನನ್ನಿಂದ ಆಗಲಿಲ್ಲ. ಇಲ್ಲಿಯವರು ಒಳ್ಳೆಯವರೇ, ಅವರೂ ಅತ್ತರು. ಆದರೆ ಇದನ್ನು ಅವರಿಗೆ ಹೇಗೆ ಹೇಳಲಿ?

ಅದಕ್ಕೆ ಒಂದು ಕೆಲಸ ಮಾಡು. ರಾಣೆಬೆನ್ನೂರು ಕಡೆ ಹೋದಾಗ ದೇವರಗುಡ್ಡ ಹತ್ತಿ, ಮಾಲತೇಶನಿಗೆ ಭಂಡಾರ ಏರಿಸಿ, ಕೆಂಚನ ಹೆಸರಲ್ಲಿ ಒಂದು ಕಾಯಿ ಒಡೆಸು. ಅವನೂ ಕುದುರೆ ಏರುವ ದೇವರು, ಅವನಿಗೆ ತಿಳಿಯುತ್ತದೆ. ಅಣ್ಣ ನಕ್ಕರೆ ನಗಲಿ. ಅಪ್ಪ ನಗುವುದಿಲ್ಲ, ನನಗೆ ಗೊತ್ತು. ಆಗುವುದಾದರೆ ಅಪ್ಪನ ಕೈಯಿಂದಲೇ ಒಡೆಸು.

ಮೊಣಕಾಲಿನ ಮಾತ್ರೆ ತಪ್ಪಿಸಬೇಡ. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗಳು