ಉತ್ತರವೇ ಇಲ್ಲದ ಒಗಟಿಗೆ ಉತ್ತರ ಕೊಟ್ಟಿದ್ದೀರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಒಗಟಿನ ಮೂಲೆಗೆ ತುಮಕೂರಿನಲ್ಲಿ ಒಳ್ಳೆಯ ಗಿರಾಕಿಗಳಿದ್ದಾರೆ. ಟೌನ್‌ಹಾಲ್ ಹತ್ತಿರ ನಾವು ಟೀ ಕುಡಿಯುವ ಕಡೆ ಪೇಪರ್ ಬಂದ ಕೂಡಲೇ ಆ ಪುಟಕ್ಕೇ ಮೊದಲು ಕೈ ಹಾಕುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೋದ ವಾರದ ಒಗಟು ಇದು. ರಾಮ, ಭೀಮ, ಸೋಮ ಅಂತ ಮೂವರು. ಪ್ರತಿಯೊಬ್ಬನೂ ಒಂದೋ ಯಾವಾಗಲೂ ನಿಜ ಹೇಳುವವನು, ಇಲ್ಲಾಂದ್ರೆ ಯಾವಾಗಲೂ ಸುಳ್ಳು ಹೇಳುವವನು. ರಾಮ 'ಭೀಮ ಸುಳ್ಳ' ಅನ್ನುತ್ತಾನೆ. ಭೀಮ 'ಸೋಮ ಸುಳ್ಳ' ಅನ್ನುತ್ತಾನೆ. ಸೋಮ 'ರಾಮ ಸುಳ್ಳ' ಅನ್ನುತ್ತಾನೆ. ನಿಜ ಹೇಳುವವನು ಯಾರು? ಈ ವಾರ ಪುಟದ ಕೆಳಗೆ ತಲೆಕೆಳಗಾಗಿ ಸಣ್ಣಕ್ಷರದಲ್ಲಿ ಉತ್ತರ ಹಾಕಿದ್ದೀರಿ: ಸೋಮ. ಯಾಕೆ ಸೋಮ? ಅದಕ್ಕೆ ಒಂದು ಸಾಲೂ ಇಲ್ಲ.

ಸರಿ, ಸೋಮ ನಿಜ ಹೇಳುವವನು ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ರಾಮ ಸುಳ್ಳ. ರಾಮ ಸುಳ್ಳನಾದರೆ 'ಭೀಮ ಸುಳ್ಳ' ಅಂದ ಮಾತೂ ಸುಳ್ಳು, ಅಂದರೆ ಭೀಮ ನಿಜ ಹೇಳುವವನು. ಆದರೆ ಭೀಮ ಹೇಳಿದ್ದು ಏನು? 'ಸೋಮ ಸುಳ್ಳ' ಅಂತ! ಕೆಟ್ಟಿತಲ್ಲ. ಹಾಗಾದರೆ ಸೋಮ ಸುಳ್ಳನೇ ಇರಲಿ ಅಂತ ಇನ್ನೊಂದು ಕಡೆಯಿಂದ ಬನ್ನಿ. ಆಗ ರಾಮ ನಿಜ, ಭೀಮ ಸುಳ್ಳ, ಭೀಮನ ಮಾತು ಸುಳ್ಳಾದ್ದರಿಂದ ಸೋಮ ಮತ್ತೆ ನಿಜ. ಅದೂ ಆಗಲಿಲ್ಲ. ಈ ಒಗಟಿಗೆ ಉತ್ತರವೇ ಇಲ್ಲ ಸಾರ್.

ಇದೇ ಒಗಟನ್ನು ಇಬ್ಬರಿಗೆ ಇಳಿಸಿ, ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳ ಅನ್ನಲಿ. ಆಗ ಎರಡು ಉತ್ತರ ಬರುತ್ತವೆ. ನಾಲ್ವರಿಗೆ ಏರಿಸಿ ಸುತ್ತಲೂ ಪಕ್ಕದವನನ್ನು ಬೈಯಲಿ, ಆಗಲೂ ಎರಡೇ. ಮೂವರು, ಐವರು, ಏಳು ಜನ ಆದರೆ ಒಂದೂ ಇಲ್ಲ. ಪಕ್ಕದವನನ್ನು ಸುಳ್ಳ ಅಂದಾಗಲೆಲ್ಲ ಇಬ್ಬರೂ ಬೇರೆ ಬೇರೆ ಥರದವರೇ ಆಗಿರಬೇಕು, ಅಷ್ಟೇ. ಎರಡು ಬಣ್ಣದ ಮಣಿಗಳನ್ನು ಒಂದು ಬಿಟ್ಟು ಒಂದು ಪೋಣಿಸಿ ಸರ ಮಾಡಿ ನೋಡಿ, ಮಣಿಗಳ ಲೆಕ್ಕ ಬೆಸವಾಗಿದ್ದರೆ ಗಂಟು ಹಾಕುವ ಕಡೆ ಒಂದೇ ಬಣ್ಣದ ಎರಡು ಅಕ್ಕಪಕ್ಕ ಬಂದೇ ಬರುತ್ತವೆ.

ಅಚ್ಚಿನ ತಪ್ಪು ಯಾರಿಗೂ ಆಗುತ್ತದೆ, ಬಿಡಿ. ನನ್ನ ತಕರಾರು ಬೇರೆ. ಬಿಡಿಸುವ ದಾರಿ ಹಾಕದೆ ಬರೀ ಹೆಸರು ಹಾಕಿದರೆ ಏನಾಗುತ್ತದೆ ಅಂತ ಟೀ ಕುಡಿಯುತ್ತಾ ಕಣ್ಣಾರೆ ನೋಡಿದೆ. ಒಬ್ಬರು 'ಸೋಮ ಕೊನೆಗೆ ಮಾತಾಡಿದ, ಅದಕ್ಕೇ ಅವನದು ನಿಜ' ಅಂದರು. ಇನ್ನೊಬ್ಬರು ಅದಕ್ಕೆ ತಲೆಯಾಡಿಸಿದರು! ಉತ್ತರ ಮೊದಲೇ ಸಿಕ್ಕಿಬಿಟ್ಟರೆ ಕಾರಣವನ್ನು ಹೇಗಾದರೂ ಹುಟ್ಟಿಸುತ್ತೇವೆ.

ಈ ಬಗೆಯ ಒಗಟುಗಳಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಅದನ್ನಾದರೂ ನೀವು ಒಮ್ಮೆ ಬರೆಯಬೇಕು. ಸುಳ್ಳನೊಬ್ಬ 'ನಾವೆಲ್ಲರೂ ಸುಳ್ಳರು' ಅಂದರೆ, ಜಾಸ್ತಿ ಜನ ಅದನ್ನು ತಿರುಗಿಸಿ 'ಹಾಗಾದರೆ ಎಲ್ಲರೂ ನಿಜ ಹೇಳುವವರು' ಅಂತ ಬರೆದುಕೊಳ್ಳುತ್ತಾರೆ. ಅಲ್ಲ. ಒಬ್ಬನಾದರೂ ನಿಜ ಹೇಳುವವನು ಇದ್ದಾನೆ ಅಂತ ಮಾತ್ರ ಅದರ ಅರ್ಥ. ಇನ್ನೊಂದು, ನಿಜ ಹೇಳುವವನ ಬಾಯಲ್ಲಿ ಆ ಮಾತು ಬರೋದೇ ಇಲ್ಲ. ಹಾಗಾಗಿ ಅಂದವನು ಯಾರೇ ಆಗಿರಲಿ, ಅವನಂತೂ ಸುಳ್ಳನೇ. ಬಾಯಿ ಬಿಟ್ಟ ತಕ್ಷಣ ಸಿಕ್ಕಿಬೀಳುತ್ತಾನೆ.

ಇಂಥ ಒಗಟುಗಳನ್ನು ಮನೆಮಾತಾಗಿಸಿದವರು ಅಮೆರಿಕದ ರೇಮಂಡ್ ಸ್ಮಲಿಯನ್. ತರ್ಕಶಾಸ್ತ್ರದ ಪ್ರೊಫೆಸರು, ಜತೆಗೆ ಜಾದೂಗಾರರು, ಪಿಯಾನೋ ಕೂಡ ನುಡಿಸುತ್ತಿದ್ದರು. 1919ರಲ್ಲಿ ಹುಟ್ಟಿ 2017ರವರೆಗೂ ಬದುಕಿದರು. 1996ರಲ್ಲಿ ಜಾರ್ಜ್ ಬೂಲೋಸ್ ಎಂಬ ಇನ್ನೊಬ್ಬ ತರ್ಕಶಾಸ್ತ್ರಜ್ಞರು ಸ್ಮಲಿಯನ್ನರದೇ ಒಂದು ಒಗಟನ್ನು ಜಗತ್ತಿನಲ್ಲೇ ಅತಿ ಕಷ್ಟದ್ದು ಅಂತ ಪ್ರಕಟಿಸಿದರು. ಅದರಲ್ಲಿ ಮೂವರು ದೇವರುಗಳು. ಒಬ್ಬ ನಿಜ, ಒಬ್ಬ ಸುಳ್ಳು, ಮೂರನೆಯವನು ಮನಸ್ಸಿಗೆ ಬಂದದ್ದು. ಹೌದು, ಇಲ್ಲ ಅಂತಾರೆ, ಆದರೆ ಅವರ ಭಾಷೆಯಲ್ಲಿ ಯಾವ ಪದ ಹೌದು, ಯಾವುದು ಇಲ್ಲ ಅನ್ನೋದೇ ನಮಗೆ ಗೊತ್ತಿಲ್ಲ. ಮೂರೇ ಪ್ರಶ್ನೆಯಲ್ಲಿ ಯಾರು ಯಾರು ಅಂತ ಹೇಳಬೇಕು. ಬಿಡಿಸಬಹುದು, ಅದೂ ಊಹೆಯಿಲ್ಲದೆ. ಮನಸ್ಸಿಗೆ ಬಂದದ್ದು ಹೇಳುವವನಲ್ಲ ಅಂತ ಖಾತ್ರಿಯಾಗುವ ಒಬ್ಬನನ್ನು ಮೊದಲ ಪ್ರಶ್ನೆಯಲ್ಲೇ ಹಿಡಿದುಕೊಳ್ಳಬೇಕು. ಉಳಿದ ಎರಡು ಪ್ರಶ್ನೆ ಅವನಿಗೇ.

ನಮ್ಮೂರಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಬೇಕಾದಷ್ಟು. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ಅವರೂ ನಿಮ್ಮ ಮೂಲೆ ನೋಡುತ್ತಾರೆ. ಅವರಿಗೆ ಹೆಸರಲ್ಲ, 'ಹೀಗೆ ಇಟ್ಟುಕೊಂಡರೆ ಇಲ್ಲಿ ಕೆಡುತ್ತದೆ' ಅನ್ನುವ ಎರಡು ಸಾಲು ಬೇಕು. ಜಾಗ ಇಲ್ಲ ಅನ್ನಬೇಡಿ. ಪಕ್ಕದಲ್ಲೇ ವಾರಭವಿಷ್ಯಕ್ಕೆ ಅರ್ಧ ಪುಟ ಇದೆ.

ಮುಂದಿನ ವಾರಕ್ಕೆ ನನ್ನ ಕಡೆಯಿಂದ ಒಂದು ಇಟ್ಟುಕೊಳ್ಳಿ. ಕ್ಯಾತ್ಸಂದ್ರದಲ್ಲಿ ಮೂವರು ಗೆಳೆಯರು ತಟ್ಟೆ ಇಡ್ಲಿ ತಿಂದು ಕೈ ತೊಳೆದರು. ಮೊದಲನೆಯವನು 'ನಮ್ಮಲ್ಲಿ ಒಬ್ಬ ಮಾತ್ರ ಸುಳ್ಳ' ಅಂದ. ಎರಡನೆಯವನು 'ಅಲ್ಲ, ಇಬ್ಬರು ಮಾತ್ರ' ಅಂದ. ಮೂರನೆಯವನು 'ಮೂವರೂ' ಅಂದ. ನಿಜ ಹೇಳಿದವನೇ ಬಿಲ್ ಕೊಟ್ಟಿದ್ದು. ಯಾರು ಕೊಟ್ಟರು? ಇದಕ್ಕೆ ಉತ್ತರ ಒಂದೇ, ಪರೀಕ್ಷಿಸಿಯೇ ಕಳಿಸಿದ್ದೇನೆ. ಬಿಡಿಸಿದ ದಾರಿಯನ್ನೂ ಹಾಕಿ, ತಲೆಕೆಳಗಾಗಿ ಹಾಕಿದರೂ ಸರಿ.

— ನಿಮ್ಮ ಓದುಗ, ತುಮಕೂರು