ಹನ್ನೆರಡು ಹಂಗಾಮು ದುಡಿದರೂ ಪಿಂಚಣಿ ಇಲ್ಲವೇ?

ಮಾನ್ಯ ಸಂಪಾದಕರೇ,

ಭವಿಷ್ಯನಿಧಿ (ಪಿಎಫ್) ಸದಸ್ಯರ 1995ರ ಪಿಂಚಣಿ ಯೋಜನೆಯಾದ ಇಪಿಎಸ್-95ರ ಮಾತು ಬಂದಾಗಲೆಲ್ಲ ಚರ್ಚೆ ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಮೊತ್ತದ ಸುತ್ತಲೇ ತಿರುಗುತ್ತದೆ. 2014ರ ಸೆಪ್ಟೆಂಬರ್ 1ರಿಂದ ಜಾರಿಯಾದ ಈ ಮೊತ್ತಕ್ಕೆ ತುಟ್ಟಿಭತ್ಯೆಯೂ ಸೇರುವುದಿಲ್ಲ, ಅದು ಏರಲೇಬೇಕು. ಆದರೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಹಂಗಾಮಿ (ಕಬ್ಬು ನುರಿಸುವ ಹಂಗಾಮಿನಲ್ಲಷ್ಟೇ ದುಡಿಯುವ) ಕಾರ್ಮಿಕರು, ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳಲ್ಲಿ ಗುತ್ತಿಗೆ ಮೇಲೆ ದುಡಿಯುವವರು ಪಿಂಚಣಿಗೆ ಎರವಾಗುವುದು ಅದಕ್ಕೂ ಮೊದಲೇ, ಸೇವಾ ವರ್ಷಗಳ ಲೆಕ್ಕದಲ್ಲಿ.

ಪಿಂಚಣಿಯ ಸೂತ್ರ ಸರಳವಿದೆ. ಕೊನೆಯ 60 ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಸರಾಸರಿಯನ್ನು (15,000 ರೂಪಾಯಿ ಮೀರುವಂತಿಲ್ಲ) ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕನಿಷ್ಠ ಹತ್ತು ವರ್ಷ ಸೇವೆ ಬೇಕು. ಆರು ತಿಂಗಳು ಅಥವಾ ಮೇಲ್ಪಟ್ಟ ತುಂಡು ಅವಧಿಯನ್ನು ಒಂದು ವರ್ಷವೆಂದು ಹಿಡಿಯುವುದರಿಂದ ಒಂಬತ್ತೂವರೆ ವರ್ಷ ಆದರೂ ನಡೆಯುತ್ತದೆ.

ಹಂಗಾಮಿ ಕಾರ್ಮಿಕರಿಗೆ ಇದರಲ್ಲಿ ವಿಶೇಷ ರಕ್ಷಣೆ ಇದೆ. ಯೋಜನೆಯ 9ನೇ ಪ್ಯಾರಾದ ವಿವರಣೆಯ ಪ್ರಕಾರ, ಹಂಗಾಮಿನಲ್ಲಿ ದುಡಿದವರ ಆ ವರ್ಷದ ಸೇವೆ ಎಷ್ಟೇ ಕಡಿಮೆ ಇದ್ದರೂ ಅದನ್ನು ಪೂರ್ತಿ ಒಂದು ವರ್ಷವೆಂದೇ ಎಣಿಸಬೇಕು. 2014ರ ಕೊನೆಗೆ ಸೇರಿ, ಕಬ್ಬು ನುರಿಸುವ ಐದೈದು ತಿಂಗಳಂತೆ ಹನ್ನೆರಡು ಹಂಗಾಮು ದುಡಿದವರ ಸರಾಸರಿ ಪಗಾರ 14,000 ಎಂದಿಟ್ಟುಕೊಳ್ಳಿ. ನಿಯಮದಂತೆ ಸೇವೆ 12 ವರ್ಷ, ಪಿಂಚಣಿ ತಿಂಗಳಿಗೆ 2,400 ರೂಪಾಯಿ. ಬರೀ ತಿಂಗಳು ಕೂಡಿಸುತ್ತ ಹೋದರೆ 60 ತಿಂಗಳು, ಐದೇ ವರ್ಷ. ಹತ್ತು ತುಂಬದ ಕಾರಣ ಪಿಂಚಣಿಯೇ ಇಲ್ಲ!

ಈ ತಪ್ಪು ಶುರುವಾಗುವುದು ಹಾಜರಿಯ ಲೆಕ್ಕ ಇಡುವ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ. ಹಂಗಾಮು ಮುಗಿದ ಕೂಡಲೇ ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ತುಂಬುತ್ತಾರೆ, ಮುಂದಿನ ಹಂಗಾಮಿಗೆ ಹೊಸ ಸದಸ್ಯ ಸಂಖ್ಯೆ ತೆಗೆಯುತ್ತಾರೆ. ಆಗ ಅದು ಹಂಗಾಮಿ ಸೇವೆಯಂತೆ ಕಾಣುವುದಿಲ್ಲ, ಕೆಲಸ ಬಿಟ್ಟು ಮತ್ತೆ ಸೇರಿದಂತೆ ಕಾಣುತ್ತದೆ. ಗುತ್ತಿಗೆದಾರ ಬದಲಾದಾಗ ಫೌಂಡ್ರಿ ಕೆಲಸಗಾರರಿಗೂ ಇದೇ ಗತಿ. ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಒಂದೇ ಇದ್ದರೂ ಅದರಡಿ ನಾಲ್ಕಾರು ಸಂಖ್ಯೆ, ಒಂದರಿಂದ ಇನ್ನೊಂದಕ್ಕೆ ಸೇವೆ ವರ್ಗವಾಗಿರುವುದಿಲ್ಲ. (ಕಬ್ಬು ಕಡಿಯುವ ಗ್ಯಾಂಗಿನವರಂತೂ ಬಹುಪಾಲು ಈ ಲೆಕ್ಕದ ಹೊರಗೇ ಇದ್ದಾರೆ. ಅದರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು.)

ಅದಕ್ಕಿಂತ ದೊಡ್ಡ ಪೆಟ್ಟು ಫಾರ್ಮ್ 10ಸಿ, ಅಂದರೆ ಪಿಂಚಣಿ ಖಾತೆಯ ಹಣ ಬಿಡಿಸುವ ಅರ್ಜಿ. ಪಾಸ್‌ಬುಕ್ಕಿನ ಪಿಂಚಣಿ ಕಾಲಮ್ಮಿಗೆ ಬಡ್ಡಿ ಸೇರುವುದಿಲ್ಲ. ದುಡ್ಡು ಸುಮ್ಮನೆ ಬಿದ್ದಿದೆ ಎಂದುಕೊಂಡು, ಪಿಎಫ್ ಬಿಡಿಸುವ ಫಾರ್ಮ್ 19ರ ಜೊತೆಗೆ 10ಸಿಯನ್ನೂ ಹಾಕಿಬಿಡುತ್ತಾರೆ. ಸೈಬರ್ ಸೆಂಟರಿನವರೂ ಎರಡನ್ನೂ ಒಟ್ಟಿಗೇ ಒತ್ತುತ್ತಾರೆ. ಅದೇ 14,000 ಪಗಾರಕ್ಕೆ ಐದು ವರ್ಷದ ಸೇವೆ ಬಿಡಿಸಿಕೊಂಡರೆ ಕೈಗೆ ಬರುವುದು ಸುಮಾರು 74,000 ರೂಪಾಯಿ. ಬಿಡಿಸದೇ ಮುಂದೆ ಒಟ್ಟು ಹತ್ತು ವರ್ಷ ತುಂಬಿಸಿದರೆ ಆ ಐದು ವರ್ಷದ ಪಾಲಿಗೇ ತಿಂಗಳಿಗೆ 1,000 ರೂಪಾಯಿ ಪಿಂಚಣಿ ಸಿಗುತ್ತದೆ. 58ನೇ ವಯಸ್ಸಿಗೆ ಶುರುವಾದರೆ 64 ದಾಟುತ್ತಿದ್ದಂತೆ ಆ 74,000 ತೀರಿ, ಅಲ್ಲಿಂದಾಚೆ ಬರುವುದೆಲ್ಲ ಹೆಚ್ಚಿನದೇ. ಅವರ ನಂತರ ಹೆಂಡತಿಗೂ ಪಿಂಚಣಿ ಇದೆ. ಬಿಡಿಸಿಕೊಂಡವರು ಮತ್ತೆ ಸೊನ್ನೆಯಿಂದ ಎಣಿಸಬೇಕು. ಅದೇ 10ಸಿಯಲ್ಲಿ ಹಣದ ಬದಲು, ಈವರೆಗಿನ ಸೇವೆಯ ದಾಖಲೆಯಾದ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು, ಸೇವೆ ಉಳಿಯುತ್ತದೆ. ಇದನ್ನು ಕೆಲಸಗಾರರಿಗೆ ಬಿಡಿಸಿ ಹೇಳುವವರೇ ಇಲ್ಲ.

ಆದ್ದರಿಂದ ಭವಿಷ್ಯನಿಧಿ ಸಂಸ್ಥೆ ಮೊದಲು ಮಾಡಬೇಕಾದದ್ದು ಇಷ್ಟು. ಪ್ರತಿ ಹಂಗಾಮಿನ ಕೊನೆಗೆ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಒಂದು ಹಾಳೆ ಸಿಗಬೇಕು. ಅದರಲ್ಲಿ ಈವರೆಗೆ ಎಣಿಕೆಗೆ ಬಂದ ಸೇವಾ ವರ್ಷ, ವಂತಿಗೆ ಇಲ್ಲದ ದಿನಗಳು, ಹತ್ತು ತುಂಬಲು ಉಳಿದ ವರ್ಷ, 58ಕ್ಕೆ ಅಂದಾಜು ಪಿಂಚಣಿ, ಇವಿಷ್ಟೂ ಇರಲಿ. ಕಾರ್ಖಾನೆ ತುಂಬುವ ಮಾಸಿಕ ರಿಟರ್ನ್‌ನಲ್ಲಿ ಹಂಗಾಮಿ ಕೆಲಸಗಾರರಿಗೆ ಪ್ರತ್ಯೇಕ ಗುರುತು ಕಡ್ಡಾಯವಾಗಲಿ. ಹತ್ತು ವರ್ಷ ತುಂಬದವರು 10ಸಿ ಹಾಕಿದರೆ ಪೋರ್ಟಲ್ ಮೊದಲು ಸ್ಕೀಮ್ ಸರ್ಟಿಫಿಕೇಟನ್ನೇ ಮುಂದಿಡಲಿ, ಹಣ ಬೇಕೆಂದವರಿಗೆ ಕಳೆದುಕೊಳ್ಳುವ ಪಿಂಚಣಿಯ ಅಂಕಿಯನ್ನು ತೋರಿಸಿದ ಮೇಲೆಯೇ ಒಪ್ಪಿಗೆ ಕೇಳಲಿ.

ಕೇಂದ್ರ ಸರ್ಕಾರದ ಪಾಲೂ ಇದೆ. ಪಗಾರದ ಶೇ 8.33ರಷ್ಟು ಮಾಲೀಕರ ವಂತಿಗೆಗೆ ಕೇಂದ್ರ ಸೇರಿಸುವುದು ಶೇ 1.16 ಮಾತ್ರ. ಕನಿಷ್ಠ ಪಿಂಚಣಿ ಏರಿಸಿ, ವರ್ಷವರ್ಷ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸಬೇಕೆಂದರೆ ಈ ಪಾಲು ಹೆಚ್ಚಲೇಬೇಕು, ಇಲ್ಲವಾದರೆ ನಿಧಿಗೆ ಭಾರ ತಡೆಯದು.

ಸದ್ಯಕ್ಕೆ ಕೆಲಸಗಾರರೇ ಮಾಡಿಕೊಳ್ಳಬಹುದಾದದ್ದೂ ಇದೆ. ಯುಎಎನ್ ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆಗೆದು, ದುಡಿದ ಪ್ರತಿ ಹಂಗಾಮೂ ಅದರಲ್ಲಿದೆಯೇ ನೋಡಿ. ಹಳೆಯ ಸಂಖ್ಯೆಗಳಿದ್ದರೆ ಈಗಿನದಕ್ಕೆ ವರ್ಗ ಮಾಡಿಸಿ. ನಮ್ಮ ಕಡೆ ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಕಾರ್ಖಾನೆಯ ರಜಿಸ್ಟರಿನಲ್ಲಿ ಮೊದಲಿಗೆ ಇರುವುದು ಸಾಮಾನ್ಯ. ಹುಟ್ಟಿದ ದಿನಾಂಕವೂ ಎರಡು ಕಡೆ ಎರಡು ಥರ. ಪಿಂಚಣಿ ಅರ್ಜಿ 10ಡಿ ಸಿಕ್ಕಿಬೀಳುವುದು ಇಲ್ಲೇ. ಜಾಯಿಂಟ್ ಡಿಕ್ಲರೇಶನ್ (ಕೆಲಸಗಾರ, ಮಾಲೀಕ ಇಬ್ಬರೂ ಸೇರಿ ಕೊಡುವ ತಿದ್ದುಪಡಿ ಅರ್ಜಿ) ಕೊಟ್ಟು 55ರೊಳಗೇ ಸರಿಪಡಿಸಿಕೊಳ್ಳಿ. 58 ತುಂಬಿದ ಮೇಲೂ ಪಿಂಚಣಿ ಖಾತೆಗೆ ಹಣ ಕಟ್ಟುತ್ತಿದ್ದರೆ ಟೈಮ್ ಆಫೀಸಿಗೆ ಹೇಳಿ ನಿಲ್ಲಿಸಿ. ಅದರಿಂದಲೂ ಅರ್ಜಿ ತಿಂಗಳುಗಟ್ಟಲೆ ನಿಲ್ಲುತ್ತದೆ. 50 ದಾಟಿದವರು ಅವಸರಪಟ್ಟು ಮೊದಲೇ ಪಿಂಚಣಿ ತೆಗೆದುಕೊಂಡರೆ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ ಶೇ 4ರಂತೆ ಕಡಿತ ಜೀವನಪೂರ್ತಿ ಉಳಿಯುತ್ತದೆ.

ಭವಿಷ್ಯನಿಧಿ ಸಂಸ್ಥೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಾದರೂ ಅದನ್ನು ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಭಾಗದ ಕಾರ್ಖಾನೆಗಳ ಗೇಟಿನಲ್ಲೇ, ಪಾಳಿ ಬದಲಾಗುವ ಹೊತ್ತಿಗೆ ನಡೆಸಬೇಕೆಂದು ಕೋರುತ್ತೇವೆ.

– ಭವಿಷ್ಯನಿಧಿ ಕಡತಗಳ ಕೆಲಸ ಮಾಡುವ ಓದುಗರು, ಮುಧೋಳ