ಶಿಬಿರದ ಚೀಟಿಯಲ್ಲಿ ಮನೆಯವರ ಕಣ್ಣಿನ ಬಗ್ಗೆ ಒಂದು ಪ್ರಶ್ನೆ ಇರಲಿ

ಉಡುಪಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಾಪುವಿನಿಂದ ಬೈಂದೂರಿನವರೆಗೆ ಉಚಿತ ನೇತ್ರ ಶಿಬಿರಗಳಲ್ಲಿ ನಡೆಯುವುದೇನೆಂದು ನಿಮಗೆ ಗೊತ್ತು. ಹೆಸರು, ಪ್ರಾಯ, ಶುಗರ್ ಬರೆದುಕೊಳ್ಳುತ್ತಾರೆ. ಚಾರ್ಟ್ ಓದಿಸುತ್ತಾರೆ. ಟಾರ್ಚ್ ಬಿಟ್ಟು ನೋಡಿ, "ಪೊರೆ ಇನ್ನೂ ಬಲಿಯಲಿಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಎಂದು ಕಳಿಸುತ್ತಾರೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ (ದೃಷ್ಟಿನರ ಮೆಲ್ಲಗೆ ಸಾಯುವ ಕಾಯಿಲೆ) ಇತ್ತೇ ಎಂಬ ಪ್ರಶ್ನೆ ಹೆಚ್ಚಿನ ಚೀಟಿಗಳಲ್ಲಿ ಇಲ್ಲವೇ ಇಲ್ಲ. ಆ ಪ್ರಶ್ನೆ ಸೇರಿಸಿ.

ಪೊರೆ ಕಾಯುತ್ತದೆ, ಆಪರೇಷನ್ ಆದರೆ ಕಣ್ಣು ಕಾಣುತ್ತದೆ. ಗ್ಲಾಕೋಮಾದಲ್ಲಿ ಸತ್ತ ನರ ಮರಳುವುದಿಲ್ಲ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ನೇರ ನೋಟ ಕೊನೆಯವರೆಗೂ ಉಳಿಯುತ್ತದೆ. ಚಾರ್ಟಿನ ಕೊನೆಯ ಸಾಲು ಓದಿದವರಿಗೂ ಬದಿಯ ನೋಟ ಹೋಗಿರಬಹುದು. ಅಂಥವರನ್ನು "ಆರು ತಿಂಗಳು ಬಿಟ್ಟು ಬನ್ನಿ" ಎಂದು ಮನೆಗೆ ಕಳಿಸುವುದು ಅನ್ಯಾಯ ಸ್ವಾಮಿ. ರಕ್ತಸಂಬಂಧಿಗಳಿಗೆ ಈ ಕಾಯಿಲೆ ಇದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಪ್ರಾಯವಾದ ಮೇಲೆ ಅಕ್ಷಿಪಟಲದ (ರೆಟಿನಾದ) ನಡುಭಾಗ ಹಾಳಾಗುವ ಮ್ಯಾಕ್ಯುಲಾ ಕಾಯಿಲೆಗೂ ವಂಶದ ನಂಟುಂಟು. ಅದರ ಒಂದು ಮುಖ್ಯ ಜೀನ್ ಪತ್ತೆಯಾದದ್ದು 2005ರಲ್ಲಿ. ಅಂಥ ಮನೆಯವರು ಬೀಡಿ ಸೇದಿದರೆ ಅಪಾಯ ಇನ್ನೂ ಏರುತ್ತದೆ.

"ಮನೆಯಲ್ಲಿ ಗ್ಲಾಕೋಮಾ ಉಂಟಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಅಜ್ಜಿಗೆ ಪ್ರಾಯವಾಗಿ ಕಣ್ಣು ಹೋಯಿತು ಎಂದೇ ಎಲ್ಲರ ನಂಬಿಕೆ. ಹೀಗೆ ಕೇಳಿಸಿ: ದಿನಾ ತಪ್ಪದೆ ಕಣ್ಣಿಗೆ ಡ್ರಾಪ್ಸ್ ಬಿಡುವವರು ಇದ್ದಾರಾ? ಪೊರೆ ತೆಗೆಸಿದ ಮೇಲೂ ಕಾಣದವರು? ಬಾಗಿಲ ದಾರಂದಕ್ಕೆ ಹೆಗಲು ತಾಗಿಸಿಕೊಂಡು ನಡೆಯುವವರು? ಎದುರು ನಿಂತವರನ್ನು ಸ್ವರದಿಂದಲೇ ಗುರುತಿಸುವವರು? ಇಲ್ಲಿ ಕುಟುಂಬವೆಂದರೆ ಹಲವರು ತಾಯಿಯ ಕಡೆಯನ್ನಷ್ಟೇ ಹೇಳುತ್ತಾರೆ. ಅಪ್ಪನ ಕಡೆಯನ್ನೂ, ಮುಂಬಯಿಯಲ್ಲಿರುವ ಅಣ್ಣನನ್ನೂ ಕೇಳಬೇಕು.

ಹೌದೆಂದವರಿಗೆ, ಅದರಲ್ಲೂ 40 ದಾಟಿದವರಿಗೆ, ಕಣ್ಣಿನ ಒತ್ತಡ ಅಳೆಯಬೇಕು. ಪಾದರಸದ 10ರಿಂದ 21 ಮಿ.ಮೀ. ಸಾಮಾನ್ಯ ಎನ್ನುತ್ತಾರೆ. ಆದರೆ 18 ಬಂತೆಂದು ನಾರ್ಮಲ್ ಬರೆಯುವಂತಿಲ್ಲ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳುವಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ, ಒತ್ತಡ ಸರಿಯಿದ್ದೂ ನರ ಸಾಯುವುದುಂಟು. ದೃಷ್ಟಿನರವನ್ನು ನೋಡಲೇಬೇಕು. ಪಾಪೆ ಹಿಗ್ಗಿಸುವ ಮೊದಲು ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಕಿರಿದಾಗಿದೆಯೇ ಎಂದು ಪರೀಕ್ಷಿಸಬೇಕು. ಕಿರಿದಿದ್ದರೆ ಪಾಪೆ ಹಿಗ್ಗಿಸಲು ಹಾಕುವ ಡ್ರಾಪ್ಸ್‌ನಿಂದ ಒತ್ತಡ ಒಮ್ಮೆಲೇ ಏರಬಹುದು. ಮೆಡಿಕಲ್‌ನಿಂದ ತಾವೇ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕಿಕೊಳ್ಳಬಾರದೆಂದು ಈ ಮನೆಯವರಿಗೆ ಬಿಡಿಸಿ ಹೇಳಬೇಕು. ಅವರಲ್ಲಿ ಅದರಿಂದ ಒತ್ತಡ ಏರುವ ಸಂಭವ ಹೆಚ್ಚು.

ಶಿಬಿರದಲ್ಲಿ ಇಷ್ಟೆಲ್ಲ ಆಗದು, ಒಪ್ಪುತ್ತೇವೆ. ಪ್ರಶ್ನೆ ಕೇಳಲು ಯಂತ್ರ ಬೇಡ, ಆಶಾ ಕಾರ್ಯಕರ್ತೆಯರು ಸಾಕು. ಹೌದೆಂದವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ದಿನಾಂಕ ಬರೆದ ಚೀಟಿ ಕೊಡಿಸಿ. ಮುಂದಿನ ಶಿಬಿರದ ಚೀಟಿ ಅಚ್ಚಿಗೆ ಹೋಗುವ ಮೊದಲು ಆ ಪ್ರಶ್ನೆ ಸೇರಿಸಿ.

ಇತಿ,
ಕಣ್ಣಿನ ತಪಾಸಣೆಯ ಕೆಲಸದಲ್ಲಿರುವ ಉಡುಪಿಯ ನಾಗರಿಕರು